ಒಳಗಿನದನ್ನು ಮೊದಲು ಹೊಲಿ

ಮಗಳೇ, ನೀನೂ ನಿನ್ನ ಗೆಳತಿಯರೂ ನೂರಿಪ್ಪತ್ತು ವರ್ಷ ಹಿಂದಿನ ಇಂಗ್ಲಿಷ್ ಹಗಲುಡುಪು ತೊಟ್ಟು ಲಾಲ್‌ಬಾಗಿನ ಗಾಜಿನ ಮನೆಗೆ ಹೋಗುತ್ತೀರೆಂದು ಕೇಳಿ ಸಂತೋಷವಾಯಿತು. ಬಾಡಿಗೆಗೆ ತರುವುದಿಲ್ಲ, ನಾನೇ ಹೊಲಿಯುತ್ತೇನೆ ಎಂದು ನೀನು ಹಟ ಹಿಡಿದದ್ದು ಇನ್ನೂ ಸಂತೋಷ. ಹೊಸೂರಿನಲ್ಲಿ ಇಷ್ಟು ಕಾಲ ಹೊಲಿಗೆ ಯಂತ್ರದ ಮುಂದೆ ಕೂತವಳು ನಾನು. ಕತ್ತರಿ ಹಿಡಿಯುವ ಮುಂಚೆ ನನ್ನ ನಾಲ್ಕು ಮಾತು ಕೇಳಿಸಿಕೋ.

ಮೊದಲು ಒಂದು ವರ್ಷ ಗೊತ್ತುಮಾಡಿಕೋ. ಇಂಗ್ಲೆಂಡಿನ ದೊರೆ ಏಳನೆಯ ಎಡ್ವರ್ಡ್ ಆಳಿದ್ದು 1901ರಿಂದ 1910ರವರೆಗೆ. ಅಷ್ಟರಲ್ಲೇ ಉಡುಪಿನ ಆಕಾರ ಹಲವು ಸಲ ಬದಲಾಯಿತು. 1902ರ ಸುಮಾರಿಗೆ ತೋಳಿನ ಉಬ್ಬು ಮಣಿಕಟ್ಟಿನ ಹತ್ತಿರ ಇತ್ತು. 1905–06ರ ಹೊತ್ತಿಗೆ ಭುಜದ ಕಡೆಗೆ ಏರಿತು. 1909ಕ್ಕೆ ತೋಳು ಸಪೂರವಾಗಿ, ಸೊಂಟದ ಗೆರೆ ಮೇಲಕ್ಕೆ ಸರಿದಿತ್ತು. ಒಂದು ವರ್ಷದ ತೋಳಿಗೆ ಇನ್ನೊಂದು ವರ್ಷದ ಲಂಗ ಜೋಡಿಸಿದರೆ ಅದು ಯಾವ ಕಾಲದ್ದೂ ಆಗುವುದಿಲ್ಲ. ನನ್ನನ್ನು ಕೇಳಿದರೆ 1905 ಇರಲಿ. ಆಗ ಹೊಸೂರು, ಕೃಷ್ಣಗಿರಿ ಎರಡೂ ಸೇಲಂ ಜಿಲ್ಲೆಯಲ್ಲಿದ್ದವು. ನಮ್ಮ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿ ಮುಂದೆ ಸ್ವಾತಂತ್ರ್ಯ ಹೋರಾಟದ ನಾಯಕರಾದ ರಾಜಾಜಿ ಸೇಲಂನಲ್ಲಿ ಇನ್ನೂ ಎಳೆಯ ವಕೀಲರು. ಅದೇ 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು.

ಹಗಲುಡುಪು ಎಂದಮೇಲೆ ದರ್ಬಾರಿನ ಗೌನಿನ ಆಸೆ ಬಿಡು. ಆ ಕಾಲದ ದುಡಿಯುವ ಹೆಂಗಸರ ಉಡುಪು ಎತ್ತರ ಕಾಲರಿನ ಬಿಳಿ ರವಿಕೆ, ನೆಲದವರೆಗಿನ ಲಂಗ, ನಡುವಿಗೊಂದು ಪಟ್ಟಿ. ಟೀಚರು, ಟೈಪಿಸ್ಟು ಇಂಥದ್ದನ್ನೇ ತೊಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಹೊಲಿಯಲೂ ಇದೇ ಸುಲಭ, ತೊಟ್ಟು ನಡೆದಾಡಲೂ ಇದೇ ಹಿತ.

ಈಗ ಮುಖ್ಯ ಮಾತು. ಆ ಕಾಲದ ಚಿತ್ರಗಳಲ್ಲಿ ಕಾಣುವ ರೂಪ ಮೇಲಿನ ಬಟ್ಟೆಯಿಂದ ಬಂದದ್ದಲ್ಲ, ಒಳಗಿನದರಿಂದ ಬಂದದ್ದು. ಎದೆ ಮುಂದೆ, ಪೃಷ್ಠ ಹಿಂದೆ ಚಾಚಿದಂತೆ ಕಾಣಲು ಅವರು ಬಿಗಿಯಾದ ಕಾರ್ಸೆಟ್ ಕಟ್ಟುತ್ತಿದ್ದರು. ನಿನಗೆ ಅದು ಬೇಡ. ಉಸಿರು ಕಟ್ಟಿಕೊಂಡು ಯಾರೂ ಸುತ್ತಾಡಬಾರದು. ಮೈಗೆ ಹತ್ತುವ ಒಂದು ಒಳರವಿಕೆ ಹೊಲಿದು, ಅದರ ಎದೆಯ ಮೇಲೆ ಎರಡು ಮೂರು ಸಾಲು ಗಂಜಿ ಹಾಕಿದ ಝಾಲರಿ ಕೂರಿಸು. ನಡುವಿನ ಹಿಂಭಾಗಕ್ಕೆ ಹತ್ತಿ ತುಂಬಿದ ಸಣ್ಣ ದಿಂಬು ಕಟ್ಟಿಕೋ. ಆಗಲೂ ತೆಳ್ಳಗಿನವರು ಹೀಗೇ ಮಾಡುತ್ತಿದ್ದರು. ಇದರ ಮೇಲೆ ಅಂಚಿಗೆ ನೆರಿಗೆ ಹಿಡಿದ ಒಳಲಂಗ. ಇವಿಷ್ಟೂ ಮುಗಿದು, ಇವನ್ನು ತೊಟ್ಟುಕೊಂಡ ಮೇಲೆಯೇ ಮೇಲುಡುಪಿನ ಅಳತೆ ತೆಗೆ. ಚೂಡಿದಾರದ ಅಳತೆಗೆ ಕತ್ತರಿಸಿದ ರವಿಕೆ ಝಾಲರಿಯ ಮೇಲೆ ಕೂರುವುದಿಲ್ಲ.

ಲಂಗಕ್ಕೆ ಹೆದರಬೇಡ. ಸೀರೆಯ ಕೆಳಗೆ ಉಡುವ ಆರು ಪೀಸಿನ ಒಳಲಂಗ ಹೊಲಿಯಲು ಬರುತ್ತದಲ್ಲ? ಲೆಕ್ಕ ಅದೇ. ಪೀಸು ಏಳು ಮಾಡು, ಸೊಂಟದಿಂದ ಪೃಷ್ಠದವರೆಗೆ ಮೈಗಂಟಿ ಬರಲಿ, ಮೊಣಕಾಲಿನಿಂದ ಕೆಳಗೆ ಘೇರು ತೆರೆದುಕೊಳ್ಳಲಿ. 44 ಇಂಚು ಪನ್ನದ ಬಟ್ಟೆ 4 ಮೀಟರಾದರೂ ಬೇಕು. ಅಂಚು ನೆಲದಿಂದ 2 ಇಂಚು ಮೇಲಿರಲಿ, ಬಸ್ಸು ಹತ್ತಬೇಕಲ್ಲ. ತೆರವು ಹಿಂದೆ ಇಡು, ಹುಕ್ಕು ಹಾಕು. ಜಿಪ್ ಬೇಡ, ಅದು ಉಡುಪಿಗೆ ಬಂದದ್ದು ಎಷ್ಟೋ ವರ್ಷ ಆಮೇಲೆ.

ರವಿಕೆಯ ಎದೆಯ ಮೇಲಿನ ಸಣ್ಣ ಮಡಿಕೆಗಳನ್ನು ಬಟ್ಟೆ ಕತ್ತರಿಸುವ ಮುಂಚೆ ಹೊಲಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸು. ಮುಂಭಾಗವನ್ನು ಅಳತೆಗಿಂತ 2 ಇಂಚು ಉದ್ದ ಬಿಟ್ಟು ಸೊಂಟದ ಬಳಿ ನೆರಿಗೆ ಹಿಡಿದರೆ ಆ ಕಾಲದ ಜೋಲು ತಾನಾಗಿ ಬರುತ್ತದೆ. ಕಾಲರಿಗೆ ದಪ್ಪ ಕ್ಯಾನ್ವಾಸ್ ಹಾಕಬೇಡ, ಕುತ್ತಿಗೆ ಕೆಂಪಾಗುತ್ತದೆ. ಮೊದಲು ಎಲ್ಲವನ್ನೂ ಕೋರಾ ಬಟ್ಟೆಯಲ್ಲಿ ಕಚ್ಚಾ ಹೊಲಿದು ನೋಡು. ಯಂತ್ರದಲ್ಲಿ ಹೊಲಿದರೆ ಹಳೆಯ ಕಾಲದ್ದಾಗುವುದಿಲ್ಲವೆಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ಸಿಂಗರ್ ಯಂತ್ರಕ್ಕೆ ಪೇಟೆಂಟ್ ಸಿಕ್ಕಿದ್ದು 1851ರಲ್ಲಿ. ಒಳಗಿನ ಅಂಚನ್ನು ಮಾತ್ರ ಓವರ್‌ಲಾಕ್‌ಗೆ ಕೊಡದೆ ಎರಡು ಸಲ ಮಡಚಿ ಅಡಗಿಸಿ ಹೊಲಿ. ಒಳಮಗ್ಗುಲು ತಿರುಗಿಸಿ ತೋರಿಸಲು ನಾಚಿಕೆಯಾಗದಂತಿದ್ದರೆ ಅದು ಹೊಲಿಗೆ.

ಬಟ್ಟೆಯ ವಿಷಯ ನನಗೆ ಬಹಳ ಮುಖ್ಯ. ಬೆಂಗಳೂರಿಗೆ ದೀಪ ಬಂದ ಎರಡೇ ದಿನಕ್ಕೆ, 1905ರ ಆಗಸ್ಟ್ 7ರಂದು, ಕಲ್ಕತ್ತೆಯ ಟೌನ್ ಹಾಲಿನಲ್ಲಿ ವಿಲಾಯಿತಿ ಸರಕನ್ನು ಬಿಡುವ ಸ್ವದೇಶಿ ನಿರ್ಣಯವಾಯಿತು. ಈಗ ಅದೇ ದಿನವನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸುತ್ತೇವೆ. ಮುಂದೆ ನಮ್ಮ ರಾಜಾಜಿಯೇ 1925ರಲ್ಲಿ ತಿರುಚೆಂಗೋಡಿನ ಬಳಿ ಗಾಂಧಿ ಆಶ್ರಮ ಕಟ್ಟಿ ಖಾದಿ ನೂಲಿಸಿದರು. 1905ರ ಇಂಗ್ಲಿಷ್ ಉಡುಪನ್ನು ಹೊಸೂರಿನ ಹುಡುಗಿ ಹೊಲಿಯುವಾಗ ಇದನ್ನು ಮರೆಯಬಾರದು. ಆ ಆಕಾರ ಚೆಂದ, ಆ ಕತ್ತರಿಯ ಜಾಣ್ಮೆ ಕಲಿಯತಕ್ಕದ್ದು, ಎರಡನ್ನೂ ಸಂಕೋಚವಿಲ್ಲದೆ ತೆಗೆದುಕೋ. ಬಟ್ಟೆ ಮಾತ್ರ ನಮ್ಮ ಮಗ್ಗದ್ದಿರಲಿ. ರವಿಕೆಗೆ ತೆಳು ಖಾದಿ, ಲಂಗಕ್ಕೆ ಸ್ವಲ್ಪ ತೂಕದ ಕೈಮಗ್ಗದ ಹತ್ತಿ ಸಾಕು. ಪಾಲಿಯೆಸ್ಟರ್ ಆಗ ಹುಟ್ಟಿಯೇ ಇರಲಿಲ್ಲ. ನಮ್ಮ ಸೆಕೆಗೂ ಅದು ಆಗದು. ಕತ್ತರಿಸುವ ಮುಂಚೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸು. ಕೈಮಗ್ಗದ ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ.

ಗೆಳತಿಯರಲ್ಲಿ ಯಾರಿಗಾದರೂ ಲಂಗ ಮುಜುಗರವೆನಿಸಿದರೆ ಬಲವಂತ ಮಾಡಬೇಡ. ಅದೇ ಕಾಲದಲ್ಲಿ ನಮ್ಮ ದೊಡ್ಡ ಮನೆತನಗಳ ಹೆಂಗಸರು ಎತ್ತರ ಕತ್ತಿನ, ಉಬ್ಬುತೋಳಿನ, ಲೇಸಿಟ್ಟ ರವಿಕೆಯ ಮೇಲೆ ಸೀರೆ ಉಟ್ಟು ಫೋಟೋ ತೆಗೆಸಿಕೊಂಡಿದ್ದಾರೆ. ನಿನ್ನ ರವಿಕೆಯ ಕಾಗದದ ಪ್ಯಾಟರ್ನ್ ಅವಳಿಗೂ ಆಗುತ್ತದೆ. ಅವಳು ಪಕ್ಕದಲ್ಲಿ ನಿಂತರೆ ನಿಮ್ಮ ಗುಂಪಿಗೆ ನಮ್ಮ ಸೀಮೆಯ 1905ರ ಪೂರ್ತಿ ರೂಪ ಬರುತ್ತದೆ.

ಹೋಗುವುದಕ್ಕೆ ಒಂದು ವಾರ ಮುಂಚೆ ಎಲ್ಲವನ್ನೂ ತೊಟ್ಟು ಮನೆಯಲ್ಲಿ ಅರ್ಧ ದಿನ ಕಳೆ. ಮೆಟ್ಟಿಲು ಹತ್ತು, ನೆಲದ ಮೇಲೆ ಕೂತು ಊಟ ಮಾಡು, ಕೈ ಎತ್ತಿ ಬಸ್ಸಿನ ಕಂಬಿ ಹಿಡಿದಂತೆ ನಿಲ್ಲು. ಎಲ್ಲಿ ಎಳೆಯುತ್ತದೋ ಅಲ್ಲಿ ಬಿಚ್ಚಿ ಸರಿಮಾಡು.

ಟೋಪಿ, ಲೇಸು, ಕೈಚೀಲ ಎಲ್ಲ ಕೊನೆಗೆ ನೋಡಿಕೊಳ್ಳೋಣ. ಇಂದು ಕೋರಾ ಬಟ್ಟೆ ತಂದು ನೆನೆಹಾಕು, ನಾಳೆ ಒಳರವಿಕೆ ಕತ್ತರಿಸು. ಕಾಣದ ಕಡೆ ಕೆಲಸ ಗಟ್ಟಿಯಾಗಿ ಮಾಡು ಮಗಳೇ, ಕಾಣುವ ಕಡೆ ತಾನಾಗಿ ಚೆಂದ ಬರುತ್ತದೆ.