ತಾರಧ್ವನಿಯೂ ನಮ್ಮ ಕಿವಿಯೂ

ಗೌರಿಬಿದನೂರಿನ ಸಮೀಪದಲ್ಲಿ, ಉತ್ತರ ಪಿನಾಕಿನಿಯ ತೀರದಲ್ಲಿರುವ ವಿದುರಾಶ್ವತ್ಥವನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ವಿದುರನು ನೆಟ್ಟನೆಂದು ಜನರು ನಂಬಿದ್ದ ಅಲ್ಲಿಯ ಅರಳಿಯ ಮಹಾವೃಕ್ಷವು ೨೦೦೧ರಲ್ಲಿ ಉರುಳಿಬಿದ್ದಿತಾದರೂ, ನಾಗಶಿಲೆಗಳ ಸಾಲುಗಳೂ, ೧೯೩೮ನೆಯ ಏಪ್ರಿಲ್ ೨೫ರಂದು ಧ್ವಜಸತ್ಯಾಗ್ರಹದಲ್ಲಿ ಗುಂಡಿಗೆ ಬಲಿಯಾದವರ ಸ್ಮಾರಕವೂ ಅಲ್ಲಿವೆ. ಒಂದು ಸಂಜೆ ನಾವು ವಿದ್ಯಾರ್ಥಿನಿಯರೊಡನೆ ಅಲ್ಲಿಗೆ ಹೋಗಿದ್ದಾಗ, ಪೊದೆಗಳೊಳಗಿಂದ ಹುಳುಗಳ ಕೀರಲುದನಿ ಎದ್ದಿತು. ಬಾಲಕಿಯೊಬ್ಬಳು, “ಕಿವಿಯಲ್ಲಿ ಸೂಜಿಯಾಡಿಸಿದಂತಿದೆ” ಎಂದು ಕಿವಿ ಮುಚ್ಚಿಕೊಂಡಳು. ಜೊತೆಗೆ ಬಂದಿದ್ದ ಆಕೆಯ ಅಜ್ಜಿಯಾದರೋ, “ಎಲ್ಲಿಯ ದನಿಯಮ್ಮಾ? ಎಷ್ಟು ನಿಶ್ಶಬ್ದವಾಗಿದೆ!” ಎಂದರು. ಇಬ್ಬರೂ ಸುಳ್ಳಾಡಲಿಲ್ಲ. ಇದು ಹೇಗೆಂಬುದೇ ನಮ್ಮ ಈ ಪಾಠದ ವಿಷಯ.

ಶಬ್ದವೆಂಬುದು ಗಾಳಿಯ ಕಂಪನ. ಕಂಪನವು ಬಲವಾದಷ್ಟೂ ಶಬ್ದವು ಗಟ್ಟಿಯಾಗುವುದು; ಶೀಘ್ರವಾದಷ್ಟೂ ಸ್ವರವು ತಾರಕ್ಕೇರುವುದು. ಈ ಎರಡನ್ನೂ ಒಂದೆಂದೆಣಿಸಬಾರದು. ಎಳೆಯ ಕಿವಿಯು ಸೆಕೆಂಡಿಗೆ ಸುಮಾರು ೨೦ರಿಂದ ೨೦,೦೦೦ ಕಂಪನಗಳವರೆಗೆ ಕೇಳಬಲ್ಲುದು. ಆದರೆ ಎಲ್ಲ ಸ್ವರಗಳೂ ಕಿವಿಗೆ ಒಂದೇ ಬಗೆಯಾಗಿ ತೋರವು. ಕಿವಿಯ ಹೊರನಾಳವು ೩,೦೦೦ ಕಂಪನಗಳ ಆಸುಪಾಸಿನ ದನಿಯನ್ನು ಕೊಳಲಿನಂತೆ ಅನುರಣಿಸಿ ಹೆಚ್ಚಿಸುವುದರಿಂದ, ಅಂತಹ ದನಿಯು ಕ್ಷೀಣವಾಗಿದ್ದರೂ ಚುಚ್ಚುತ್ತದೆ. ಕಪ್ಪುಹಲಗೆಯ ಮೇಲೆ ಉಗುರು ಕೀರಿದಾಗ ಮೈ ಜುಮ್ಮೆನ್ನುವುದಕ್ಕೆ ಇದೂ ಒಂದು ಕಾರಣ. ೫,೦೦೦ವನ್ನು ಮೀರಿದ ಮೇಲೆ ರಾಗದ ಪರಿಜ್ಞಾನವು ಮಾಸಿ, ದನಿಯು ಬರಿಯ ಎಳೆಯಂತೆ ತೋರುವುದು. ಅದರಾಚೆಗೆ ಸೂಕ್ಷ್ಮವಾದ ಸಿಳ್ಳು, ಕೊನೆಗೆ ಮೌನ.

ಆದರೆ ಆ ಮೌನವು ನಮ್ಮ ಕಿವಿಯದೇ ಹೊರತು ಪ್ರಕೃತಿಯದಲ್ಲ. ಕೀಟಗಳನ್ನು ಹಿಡಿಯುವ ಬಾವಲಿಗಳು ೨೦,೦೦೦ಕ್ಕೆ ಮೇಲ್ಪಟ್ಟ ಕೂಗುಗಳನ್ನಿಟ್ಟು, ಅವುಗಳ ಪ್ರತಿಧ್ವನಿಯಿಂದಲೇ ಕತ್ತಲಲ್ಲಿ ದಾರಿಯನ್ನರಿಯುತ್ತವೆ. ನಮ್ಮ ಬೆಂಗಳೂರಿನಲ್ಲಿಯೇ ೧೯೩೫ರಲ್ಲಿ ಸರ್ ಸಿ. ವಿ. ರಾಮನ್ನರೂ ನಾಗೇಂದ್ರನಾಥರೂ, ಇಂತಹ ಅಶ್ರಾವ್ಯ ತರಂಗಗಳು ದ್ರವದೊಳಗೆ ಹಾಯುವಾಗ ಬೆಳಕು ಹೇಗೆ ಕವಲೊಡೆಯುವುದೆಂಬುದನ್ನು ಸಿದ್ಧಾಂತಪೂರ್ವಕವಾಗಿ ವಿವರಿಸಿದರು. ಕಿವಿಗೆಟುಕದುದನ್ನು ಹೀಗೆ ಬೆಳಕಿನ ಮೂಲಕ ಅರಿಯಬಹುದಾಯಿತು.

ಇನ್ನು ಅಜ್ಜಿಯ ವಿಚಾರ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ನಾಳವೊಂದಿದೆ. ಅದರ ಬಾಗಿಲಲ್ಲಿರುವ ರೋಮಕೋಶಗಳು ತಾರಸ್ವರವನ್ನೂ, ತುದಿಯಲ್ಲಿರುವವು ಮಂದ್ರವನ್ನೂ ಗ್ರಹಿಸುತ್ತವೆ. ವಯಸ್ಸಿನಿಂದಲೂ ಅತಿ ಗಟ್ಟಿಯಾದ ಶಬ್ದದಿಂದಲೂ ಸಾಮಾನ್ಯವಾಗಿ ಮೊದಲು ನಶಿಸುವುವು ಬಾಗಿಲ ಬಳಿಯವು. ಮನುಷ್ಯರಲ್ಲಿ ಅವು ಮತ್ತೆ ಹುಟ್ಟವು. ಈ ನಷ್ಟವು ಮೆಲ್ಲಮೆಲ್ಲನೆ ಆಗುವುದರಿಂದ ನಷ್ಟಪಟ್ಟವರಿಗೇ ತಿಳಿಯುವುದಿಲ್ಲ.

ಹುಳುವಿನ ದನಿ ಹೋದರೆ ಹೋಗಲಿ ಎನ್ನುವಿರೇನೋ! ಅಂದು ಬಸ್ಸಿನಲ್ಲಿ ಹಿಂದಿರುಗುವಾಗ ಗಾಳಿ ತಣ್ಣಗೆ ಬೀಸಲು, ಆ ಬಾಲಕಿಯು, “ಅಜ್ಜಿ, ಶಾಲು ಬೇಕೇ?” ಎಂದಳು. “ಈಗ ಹಾಲು ಯಾರು ಕುಡಿಯುತ್ತಾರೆ?” ಎಂದರು ಅಜ್ಜಿ. ಮಕ್ಕಳು ನಕ್ಕರು, ನಾವೂ ನಕ್ಕೆವು. ಅಜ್ಜಿ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು, ಊರು ಸೇರುವವರೆಗೂ ಮಾತಾಡಲಿಲ್ಲ. ಅದನ್ನು ನೆನೆದರೆ ಈಗಲೂ ನಮಗೆ ನಾಚಿಕೆಯಾಗುತ್ತದೆ. ಏಕೆಂದರೆ, ಸ್ವರಾಕ್ಷರಗಳ ಬಲವೆಲ್ಲ ಬಹುಮಟ್ಟಿಗೆ ಮಂದ್ರದಲ್ಲಿಯೂ, ಶ, ಸ ಮೊದಲಾದ ವ್ಯಂಜನಗಳ ಗುರುತು ತಾರದಲ್ಲಿಯೂ ಇರುವುದು. ತಾರವನ್ನು ಕಳೆದುಕೊಂಡವರಿಗೆ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಅವರದು ಮರೆವೂ ಅಲ್ಲ, ಮಂದಬುದ್ಧಿಯೂ ಅಲ್ಲ.

ಆದುದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ವೃದ್ಧರೊಡನೆ ಕೂಗಾಡದೆ, ಎದುರಿಗೆ ನಿಂತು, ನಿಧಾನವಾಗಿ, ಬಿಡಿಬಿಡಿಯಾಗಿ ಮಾತನಾಡಿರಿ. ಕರೆದರೆ ಓಗೊಡದ ಮಗುವನ್ನು ಗದರಿಸುವುದಕ್ಕೆ ಮುಂಚೆ ಅದರ ಕಿವಿಯನ್ನು ಪರೀಕ್ಷೆ ಮಾಡಿಸಿರಿ. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂತಹ ಕಾರ್ಯಕ್ಕಾಗಿಯೇ ಇದೆ. ಮಕ್ಕಳು ಇಯರ್‌ಫೋನುಗಳನ್ನು ಕಿವಿಗಿಟ್ಟು ಗಟ್ಟಿಯಾಗಿ ಕೇಳದಂತೆ ನೋಡಿಕೊಳ್ಳಿರಿ. ಕಿವಿಯೊಳಗೆ ಕಡ್ಡಿ, ಪಿನ್ನುಗಳನ್ನು ಹಾಕಲೇಬಾರದು.

ಮುಂದೆ ನೀವು ವಿದುರಾಶ್ವತ್ಥಕ್ಕೆ ಹೋದರೆ, ಸಂಜೆ ಕ್ಷಣಕಾಲ ಸುಮ್ಮನೆ ನಿಂತು ಆಲಿಸಿರಿ. ಹುಳುಗಳ ದನಿ ಕೇಳಿಸಿದರೆ ದೇವರಿಗೆ ಕೃತಜ್ಞರಾಗಿರಿ. ಪಕ್ಕದಲ್ಲಿರುವವರಿಗೆ ಕೇಳಿಸದಿದ್ದರೆ ಅವರ ಕೈಹಿಡಿದು, ಅದು ಹೇಗಿದೆಯೆಂದು ತಿಳಿಯಹೇಳಿರಿ.