ವೆಬ್‌ಪುಟ ನಡುವೆ ನಿಲ್ಲಲು, ಅಲುಗದಿರಲು: ಸಿಎಸ್‌ಎಸ್ ಜೋಡಣೆಯ ಕ್ರಮ

ವೆಬ್‌ಪುಟದ ಶೀರ್ಷಿಕೆ, ಪಠ್ಯ, ಚಿತ್ರಗಳು ಯಾವ ಜಾಗದಲ್ಲಿ, ಯಾವ ಅಳತೆಯಲ್ಲಿ ಕಾಣಬೇಕೆಂದು ಬ್ರೌಸರ್‌ಗೆ ತಿಳಿಸುವ ನಿಯಮಗಳ ಭಾಷೆಯೇ ಸಿಎಸ್‌ಎಸ್. ಇದರ ಮೊದಲ ಆವೃತ್ತಿ 1996ರಲ್ಲಿ ಬಂದಿತು. ಪುಟದ ಒಂದು ಭಾಗವನ್ನು ಇಂಥದೇ ಬಿಂದುವಿನಲ್ಲಿ ಇರಿಸಬಲ್ಲ ‘ಪೊಸಿಷನ್’ ಎಂಬ ಗುಣ 1998ರ ಎರಡನೆಯ ಆವೃತ್ತಿಯಲ್ಲಿ ಸೇರಿತು. ಹೊಸದಾಗಿ ಕಲಿಯುವವರು ಪುಟವನ್ನು ನಡುವೆ ತರಲು ಈ ಗುಣವನ್ನೇ ಮೊದಲು ಹಿಡಿಯುವುದುಂಟು. ಆದರೆ ಎಡಬಲಗಳ ಲೆಕ್ಕವನ್ನು ಬರೆಯುವವರು ತಾವೇ ಹಾಕದೆ ಬ್ರೌಸರ್‌ಗೆ ಬಿಟ್ಟಾಗ ಮಾತ್ರ ಪುಟವು ಎಲ್ಲ ಪರದೆಗಳಲ್ಲೂ ಸರಿಯಾಗಿ ನಿಲ್ಲುತ್ತದೆ.

ಹಳೆಯ ವಿಧಾನವೊಂದನ್ನು ಪರಿಶೀಲಿಸಿದರೆ ಇದರ ಕಾರಣ ತಿಳಿಯುತ್ತದೆ. 960 ಪಿಕ್ಸೆಲ್ ಅಗಲದ ಪುಟಕ್ಕೆ ‘ಪೊಸಿಷನ್ ಆಬ್ಸಲ್ಯೂಟ್’ ಕೊಟ್ಟು, ಅದರ ಎಡ ಅಂಚನ್ನು ಪರದೆಯ ಅರ್ಧಕ್ಕೆ ತಂದು, ಅನಂತರ 480 ಪಿಕ್ಸೆಲ್‌ನಷ್ಟು ಋಣ ಮಾರ್ಜಿನ್‌ನಿಂದ ಹಿಂದಕ್ಕೆ ಎಳೆಯುವುದು ಆ ವಿಧಾನ. ದೊಡ್ಡ ಪರದೆಯಲ್ಲಿ ಇದು ಚೊಕ್ಕವಾಗಿಯೇ ಕಾಣುತ್ತದೆ. 360 ಪಿಕ್ಸೆಲ್ ಅಗಲದ ಮೊಬೈಲ್ ಪರದೆಯಲ್ಲಾದರೋ ಪುಟದ ಎಡ ಅಂಚು 180ರಿಂದ 480ನ್ನು ಕಳೆದಲ್ಲಿ, ಅಂದರೆ ಪರದೆಯಿಂದ 300 ಪಿಕ್ಸೆಲ್ ಹೊರಗೆ ಬೀಳುತ್ತದೆ. ಎಡದಿಂದ ಬಲಕ್ಕೆ ಬರೆಯುವ ಪುಟಗಳಲ್ಲಿ ಎಡಕ್ಕೆ ಹೊರಬಿದ್ದ ಭಾಗವನ್ನು ಬ್ರೌಸರ್ ಸ್ಕ್ರೋಲ್ ಮಾಡಗೊಡುವುದಿಲ್ಲವಾದ್ದರಿಂದ, ಪ್ರತಿ ಸಾಲಿನ ಆರಂಭವೂ ಓದುಗರಿಗೆ ಸಿಗದೇ ಹೋಗುತ್ತದೆ. ಓದುಗರ ಪಾಲಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಆದ್ದರಿಂದ ಮೊದಲು ಇಡೀ ಪುಟವನ್ನು ಒಂದು ಹೊರಚೌಕದೊಳಗೆ ಇರಿಸಿ, ಅದಕ್ಕೆ ‘ವಿಡ್ತ್’ ಬದಲು ‘ಮ್ಯಾಕ್ಸ್-ವಿಡ್ತ್’ ಅನ್ನು, ಅಂದರೆ ಮೀರಬಾರದ ಅಗಲವನ್ನು 960 ಪಿಕ್ಸೆಲ್ ಎಂದು ಕೊಟ್ಟು, ಎಡಬಲದ ಮಾರ್ಜಿನ್‌ಗಳನ್ನು ‘ಆಟೊ’ ಎಂದು ಬರೆಯಬೇಕು. 1366 ಪಿಕ್ಸೆಲ್ ಅಗಲ ಸಿಕ್ಕಲ್ಲಿ ಬ್ರೌಸರ್ ಉಳಿದ 406ನ್ನು ಎರಡೂ ಬದಿಗೆ 203ರಂತೆ ಹಂಚುತ್ತದೆ. ಜಾಗ ಕಡಿಮೆಯಾದಲ್ಲಿ ಚೌಕವೇ ಕುಗ್ಗುತ್ತದೆ. ಇದರೊಂದಿಗೆ ‘ಬಾಕ್ಸ್-ಸೈಜಿಂಗ್’ ಗುಣವನ್ನು ‘ಬಾರ್ಡರ್-ಬಾಕ್ಸ್’ ಎಂದಿಡುವುದು ಅಗತ್ಯ. ಇಲ್ಲದಿದ್ದರೆ ಒಳಅಂಚಿನ ಜಾಗವಾದ ಪ್ಯಾಡಿಂಗ್ ಅಗಲದ ಮೇಲೆ ಸೇರಿಕೊಂಡು, ಶೇ 100 ಅಗಲದ ಚೌಕವೂ ಪರದೆಯನ್ನು ಮೀರುತ್ತದೆ.

ಮೇಲೆ-ಕೆಳಗಿನ ನಡುವಿಗೆ ಮಾರ್ಜಿನ್ ಆಟೊ ಸಾಮಾನ್ಯವಾಗಿ ನೆರವಾಗದು. ಅಲ್ಲಿ ಹೊರಚೌಕಕ್ಕೆ ‘ಡಿಸ್‌ಪ್ಲೇ ಗ್ರಿಡ್’ ಮತ್ತು ‘ಪ್ಲೇಸ್-ಐಟಮ್ಸ್ ಸೆಂಟರ್’ ಎಂಬ ಎರಡು ಸಾಲುಗಳನ್ನು ಬರೆದು, ಕನಿಷ್ಠ ಎತ್ತರವೊಂದನ್ನು ಕೊಟ್ಟರೆ ಸಾಕು.

ಹಾಗೆಂದು ಪೊಸಿಷನ್ ಗುಣವನ್ನು ಕೈಬಿಡಬೇಕಾಗಿಲ್ಲ. ಆಬ್ಸಲ್ಯೂಟ್ ಎಂದ ಭಾಗವು ಪುಟದ ಸಹಜ ಹರಿವಿನಿಂದ ಹೊರಬರುವುದರಿಂದ ಉಳಿದ ಭಾಗಗಳು ಅದು ಇಲ್ಲವೇ ಇಲ್ಲವೆಂಬಂತೆ ಜಾಗ ತುಂಬಿಕೊಳ್ಳುತ್ತವೆ. ಚಿತ್ರದ ಮೂಲೆಯ ಗುರುತು, ಗುಂಡಿಯ ಮೇಲಿನ ಸಂಖ್ಯೆ ಮುಂತಾದ ಸಣ್ಣ ಸಂಗತಿಗಳಿಗೆ ಇದು ತಕ್ಕದ್ದು. ಅದನ್ನು ಒಳಗೊಂಡ ಚೌಕಕ್ಕೆ ‘ರಿಲೇಟಿವ್’ ಎಂದು ಬರೆಯಲು ಮರೆತರೆ ಮಾತ್ರ ಅಳತೆಯು ಆ ಚೌಕದಿಂದ ಆರಂಭವಾಗದೆ, ಗುರುತು ಪುಟದ ಬೇರೆಲ್ಲೋ ಹೋಗಿ ಕೂರುತ್ತದೆ. ಸ್ಕ್ರೋಲ್ ಮಾಡಿದರೂ ಮೇಲೆಯೇ ಉಳಿಯಬೇಕಾದ ತಲೆಪಟ್ಟಿಗೆ ‘ಫಿಕ್ಸೆಡ್’ಗಿಂತ ‘ಸ್ಟಿಕಿ’ ಮೇಲು, ಏಕೆಂದರೆ ಅದು ಹರಿವಿನಲ್ಲಿ ತನ್ನ ಜಾಗವನ್ನು ಉಳಿಸಿಕೊಳ್ಳುತ್ತದೆ.

ನಡುವೆ ನಿಂತ ಪುಟವೂ ಅಲುಗಬಹುದು. ಚಿಕ್ಕ ಪುಟದಿಂದ ಉದ್ದದ ಪುಟಕ್ಕೆ ಹೋದಾಗ ಬಲಬದಿಯಲ್ಲಿ ಸ್ಕ್ರೋಲ್‌ಬಾರ್ ಮೂಡಿ ಸುಮಾರು 15 ಪಿಕ್ಸೆಲ್ ಜಾಗವನ್ನು ಕಬಳಿಸಿದರೆ, ಇಡೀ ವಿನ್ಯಾಸ ಅದರ ಅರ್ಧದಷ್ಟು ಎಡಕ್ಕೆ ಸರಿಯುತ್ತದೆ. ಮೂಲ ಅಂಶಕ್ಕೆ ‘ಸ್ಕ್ರೋಲ್‌ಬಾರ್-ಗಟರ್ ಸ್ಟೇಬಲ್’ ಎಂದು ಬರೆದು ಆ ಜಾಗವನ್ನು ಮೊದಲೇ ಕಾದಿರಿಸುವುದು ಇದಕ್ಕೆ ಪರಿಹಾರ. ಚಿತ್ರಗಳಿಗೂ ಇದೇ ನ್ಯಾಯ: ಎಚ್‌ಟಿಎಂಎಲ್‌ನಲ್ಲಿ ಅಗಲ 1200, ಎತ್ತರ 800 ಎಂದು ನಮೂದಿಸಿ, ಸಿಎಸ್‌ಎಸ್‌ನಲ್ಲಿ ಗರಿಷ್ಠ ಅಗಲ ಶೇ 100 ಮತ್ತು ಎತ್ತರ ಆಟೊ ಎಂದಿಟ್ಟರೆ, 360 ಪಿಕ್ಸೆಲ್ ಜಾಗಕ್ಕೆ 240ರ ಎತ್ತರ ಬೇಕೆಂಬುದನ್ನು ಬ್ರೌಸರ್ ಚಿತ್ರ ಬರುವ ಮುನ್ನವೇ ಅರಿತುಕೊಳ್ಳುತ್ತದೆ. ಓದುತ್ತಿದ್ದ ಸಾಲು ಆಗ ಕಣ್ಣೆದುರಿನಿಂದ ಜಾರಿಹೋಗುವುದಿಲ್ಲ. ಇಂಥ ಪಲ್ಲಟವನ್ನು ಅಳೆಯುವ ಗೂಗಲ್‌ನ ಸಿಎಲ್‌ಎಸ್ ಎಂಬ ಮಾನದಲ್ಲಿ 0.1 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದ ಪುಟ ಉತ್ತಮವೆನಿಸುತ್ತದೆ.

ಕನ್ನಡ ಪುಟಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷ್ ಪಠ್ಯಕ್ಕೆ ಹೊಂದುವ ಸಾಲೆತ್ತರ ಇಲ್ಲಿ ಇಕ್ಕಟ್ಟಾಗುತ್ತದೆ, ಹೆಚ್ಚುವರಿ ಪಠ್ಯವನ್ನು ಮರೆಮಾಡುವ ಚೌಕಕ್ಕೆ ನಿಶ್ಚಿತ ಎತ್ತರ ಕೊಟ್ಟಲ್ಲಿ ಒತ್ತುಗಳೇ ಕತ್ತರಿಸಿಹೋಗುತ್ತವೆ. ಸಾಲೆತ್ತರವನ್ನು ಅಕ್ಷರದ ಗಾತ್ರದ 1.6 ಪಟ್ಟಿನ ಆಸುಪಾಸಿನಲ್ಲಿ ಇರಿಸುವುದು, ಎತ್ತರದ ಬದಲು ಕನಿಷ್ಠ ಎತ್ತರವನ್ನಷ್ಟೇ ಸೂಚಿಸುವುದು ಒಳ್ಳೆಯದು. ಸಮಾಸಪದಗಳು ಕಿರಿದಾದ ಅಂಕಣವನ್ನು ಮೀರದಂತೆ ‘ಓವರ್‌ಫ್ಲೋ-ರ್‍ಯಾಪ್’ ಗುಣವನ್ನೂ ಬಳಸಬೇಕು. ಸಾಧನದಲ್ಲಿರುವ ಫಾಂಟ್‌ನ ಜಾಗಕ್ಕೆ ವೆಬ್‌ಫಾಂಟ್ ತಡವಾಗಿ ಬಂದಾಗ, ಎರಡರ ಅಗಲ ಬೇರೆಯಾದುದರಿಂದ ಸಾಲುಗಳು ಮುರಿಯುವ ಸ್ಥಳ ಬದಲಾಗಿ ಪುಟ ಮತ್ತೆ ಜಿಗಿಯುತ್ತದೆ; ಬದಲಿ ಫಾಂಟ್‌ಗೆ ‘ಸೈಜ್-ಅಡ್ಜಸ್ಟ್’ ಮೂಲಕ ಅಳತೆ ಹೊಂದಿಸಿದರೆ ಈ ಜಿಗಿತ ತಗ್ಗುತ್ತದೆ.

ಕೊನೆಯಲ್ಲಿ ಬ್ರೌಸರ್‌ನ ಪರೀಕ್ಷಾ ಸಾಧನವನ್ನು ತೆರೆದು ಪುಟವನ್ನು 320 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ, ಬಳಿಕ ಅಕ್ಷರಗಳನ್ನು ಶೇ 200ಕ್ಕೆ ಹಿಗ್ಗಿಸಿ ನೋಡಬೇಕು. ಅಡ್ಡ ಸ್ಕ್ರೋಲ್ ಕಾಣಿಸಿಕೊಂಡರೆ ಎಲ್ಲ ಅಂಶಗಳಿಗೂ ತಾತ್ಕಾಲಿಕವಾಗಿ ಬಣ್ಣದ ‘ಔಟ್‌ಲೈನ್’ ಹಾಕಿದಾಗ, ಗಡಿ ಮೀರಿದ ಚೌಕ ಯಾವುದೆಂದು ತಾನಾಗಿ ತಿಳಿಯುತ್ತದೆ.