ತೆರಿಗೆ ರಾಜ್ಯದ್ದು, ಫೋನು ಏಜೆನ್ಸಿಯದ್ದು

ಅಮೆರಿಕದಲ್ಲಿ ಆದಾಯ ತೆರಿಗೆಗೆ ಇಬ್ಬರು ಯಜಮಾನರು. ಕೇಂದ್ರದ ಪಾಲು ಐಆರ್‌ಎಸ್‌ಗೆ, ರಾಜ್ಯದ ಪಾಲು ಆಯಾ ರಾಜ್ಯದ ತೆರಿಗೆ ಇಲಾಖೆಗೆ. ಟೆಕ್ಸಸ್, ಫ್ಲಾರಿಡಾ, ವಾಷಿಂಗ್ಟನ್ ಸೇರಿ ಒಂಬತ್ತು ರಾಜ್ಯಗಳು ಮಾತ್ರ ಸಂಬಳದ ಮೇಲೆ ಕೈಹಾಕುವುದಿಲ್ಲ. ಓಹಾಯೊದ ಕೊಲಂಬಸ್‌ನಲ್ಲಿ ಪ್ರಾಜೆಕ್ಟ್ ಮುಗಿಸಿ ಡಲ್ಲಾಸ್‌ಗೆ ಮನೆ ಬದಲಿಸಿದ ಕನ್ನಡಿಗ ಟೆಕ್ಕಿ ಎಡವುವುದು ಇಲ್ಲೇ. ಹೊಸ ಊರಿನಲ್ಲಿ ರಾಜ್ಯ ತೆರಿಗೆ ಇಲ್ಲವೆಂಬ ಖುಷಿಯಲ್ಲಿ ಹಳೆಯ ರಾಜ್ಯದ ರಿಟರ್ನ್ ಮರೆತುಹೋಗುತ್ತದೆ. ನೋಟಿಸುಗಳು ಖಾಲಿ ಮಾಡಿದ ಅಪಾರ್ಟ್‌ಮೆಂಟಿನ ವಿಳಾಸಕ್ಕೆ ಹೋಗುತ್ತವೆ. ಕೊನೆಗೊಂದು ದಿನ ಹೆಸರೇ ಕೇಳಿರದ ವಸೂಲಿ ಏಜೆನ್ಸಿಯಿಂದ ಫೋನು.

ಇಂಥ ಸಮಯದಲ್ಲಿ ಗೆಳೆಯರು ಕೊಡುವ ಸಲಹೆ ಒಂದೇ: ‘ಮೂವತ್ತು ದಿನದೊಳಗೆ ಬರವಣಿಗೆಯಲ್ಲಿ ತಕರಾರು ಹಾಕು, ಸಾಲಕ್ಕೆ ಪುರಾವೆ ಕೇಳು, ಅಲ್ಲಿಯವರೆಗೆ ವಸೂಲಿ ನಿಲ್ಲಲೇಬೇಕು.’ ಕ್ರೆಡಿಟ್ ಕಾರ್ಡ್ ಬಾಕಿಗೆ ಇದು ಸರಿಯಾದ ಮಾತು. 1977ರ ಸಾಲ ವಸೂಲಿ ಕಾಯ್ದೆ ಆ ಹಕ್ಕನ್ನು ಕೊಟ್ಟಿದೆ. ಆದರೆ ಆ ಕಾಯ್ದೆಯ ಪ್ರಕಾರ ‘ಸಾಲ’ ಎಂದರೆ ಮನೆವಾರ್ತೆಗಾಗಿ ಮಾಡಿದ ವ್ಯವಹಾರದಿಂದ ಹುಟ್ಟಿದ ಬಾಕಿ. ತೆರಿಗೆ ಹಾಗೆ ಹುಟ್ಟುವುದಿಲ್ಲ. ಪೆನ್ಸಿಲ್ವೇನಿಯಾದ ತಲೆಗಂದಾಯದ ಬಗ್ಗೆ 1980ರಲ್ಲೇ ಸ್ಟಾಬ್ ವಿರುದ್ಧ ಹ್ಯಾರಿಸ್ ಪ್ರಕರಣದಲ್ಲಿ ಮೂರನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಹೀಗೆಂದು ಹೇಳಿತು. ಆಮೇಲೆ ಬೇರೆ ನ್ಯಾಯಾಲಯಗಳೂ ಅದೇ ಜಾಡು ಹಿಡಿದವು. ವಿಚಿತ್ರವೆಂದರೆ, ಐಆರ್‌ಎಸ್ ಪರವಾಗಿ ವಸೂಲಿ ಮಾಡುವ ಖಾಸಗಿ ಏಜೆನ್ಸಿಗಳು ಈ ಕಾಯ್ದೆಗೆ ಬದ್ಧವಾಗಿರಬೇಕೆಂದು ಸಂಸತ್ತು ತೆರಿಗೆ ಸಂಹಿತೆಯಲ್ಲಿ ಪ್ರತ್ಯೇಕವಾಗಿ ಬರೆದಿದೆ. ರಾಜ್ಯ ತೆರಿಗೆಗೆ ಅಂಥ ಕೇಂದ್ರದ ರಕ್ಷಣೆ ಇಲ್ಲ. ಹಾಗಾಗಿ ಏಜೆನ್ಸಿಗೆ ತಕರಾರು ಪತ್ರ ಹಾಕಿ ನಿಶ್ಚಿಂತೆಯಿಂದ ಕೂತವರಿಗೆ ಮುಂದಿನ ತಿಂಗಳೂ ಫೋನು ತಪ್ಪುವುದಿಲ್ಲ. ಉತ್ತರ ಹುಡುಕಬೇಕಾದದ್ದು ಆ ರಾಜ್ಯದ ಕಾನೂನಿನಲ್ಲಿ.

ಹಾಗೆಂದು ಫೋನು ಮಾಡಿದವನಿಗೆ ಅಲ್ಲೇ ಬ್ಯಾಂಕ್ ಖಾತೆಯ ಸಂಖ್ಯೆ ಕೊಡಬೇಕಿಲ್ಲ. ಏಜೆನ್ಸಿಯ ಹೆಸರು, ಕೇಸ್ ನಂಬರ್, ಯಾವ ವರ್ಷದ ತೆರಿಗೆ ಎಂಬುದನ್ನು ಬರೆದುಕೊಂಡು ಫೋನ್ ಇಡುವುದು ಮೇಲು. ಆಮೇಲೆ ‘ಡಾಟ್ ಗವ್’ ಎಂದು ಮುಗಿಯುವ ಸರ್ಕಾರಿ ಜಾಲತಾಣದಿಂದ ಇಲಾಖೆಯ ನಂಬರ್ ಹುಡುಕಿ ತಾವೇ ಕರೆ ಮಾಡಿದರೆ ಬಾಕಿ ನಿಜವೇ, ಈ ಏಜೆನ್ಸಿಗೇ ಒಪ್ಪಿಸಿದ್ದಾರೆಯೇ ಎಂಬುದು ತಿಳಿಯುತ್ತದೆ. ಗಿಫ್ಟ್ ಕಾರ್ಡ್ ಕೇಳಿದರೆ, ‘ಸಂಜೆಯೊಳಗೆ ಪೊಲೀಸರು ಬರುತ್ತಾರೆ’ ಎಂದರೆ ಅದು ಮೋಸವೇ.

ಅಸಲಿ ಪತ್ರವೂ ಕೆಲವೊಮ್ಮೆ ನಕಲಿಯಂತೆ ಕಾಣುವುದುಂಟು. ಓಹಾಯೊದಲ್ಲಿ ಕಟ್ಟದ ಬಾಕಿಯನ್ನು ತೆರಿಗೆ ಇಲಾಖೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೆ ದಾಟಿಸುತ್ತದೆ. ಆ ಕಚೇರಿ ಖಾಸಗಿ ವಕೀಲರನ್ನು ವಿಶೇಷ ವಕೀಲರೆಂದು ನೇಮಿಸಿಕೊಳ್ಳುತ್ತದೆ. ಪತ್ರದ ತಲೆಯಲ್ಲಿ ಅಟಾರ್ನಿ ಜನರಲ್ ಹೆಸರು, ಕಾಲಿನಲ್ಲಿ ಖಾಸಗಿ ವಕೀಲನ ಸಹಿ. ಇದು ಜನರನ್ನು ದಾರಿತಪ್ಪಿಸುತ್ತದೆ ಎಂದು ಆಸ್ಪತ್ರೆ ಬಿಲ್ ಮತ್ತು ವಿಶ್ವವಿದ್ಯಾಲಯದ ಬಾಕಿ ಉಳಿಸಿಕೊಂಡಿದ್ದ ಇಬ್ಬರು ದಾವೆ ಹೂಡಿದರು. ಶೆರಿಫ್ ವಿರುದ್ಧ ಗಿಲ್ಲಿ ಎಂಬ ಆ ಪ್ರಕರಣದಲ್ಲಿ 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ, ಪತ್ರದಲ್ಲಿ ಸುಳ್ಳಿಲ್ಲ ಎಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ಗಿನ್ಸ್‌ಬರ್ಗ್. ಆದ್ದರಿಂದ ಸಹಿ ನೋಡಿ ಪತ್ರವನ್ನು ಕಸದ ಬುಟ್ಟಿಗೆ ಹಾಕುವ ಮುನ್ನ ಒಮ್ಮೆ ವಿಚಾರಿಸುವುದು ಲೇಸು.

ನಿಜವಾದ ಜಗಳಕ್ಕೆ ಅವಕಾಶವಿರುವುದು ಏಜೆನ್ಸಿಯ ಹಂತಕ್ಕೆ ಮೊದಲೇ. ಓಹಾಯೊದಲ್ಲಿ ತೆರಿಗೆ ನಿರ್ಧರಣೆಯ ನೋಟಿಸ್ ತಲುಪಿದ 60 ದಿನದೊಳಗೆ ಮರುನಿರ್ಧರಣೆಗೆ ಅರ್ಜಿ ಹಾಕಬಹುದು. ಕ್ಯಾಲಿಫೋರ್ನಿಯಾದಲ್ಲಿ ಪ್ರಸ್ತಾವಿತ ನಿರ್ಧರಣೆಗೆ ಆಕ್ಷೇಪ ಸಲ್ಲಿಸಲು ಸಿಗುವುದೂ 60 ದಿನವೇ. ಗಡುವು ಮೀರಿದ್ದರೂ ಎಲ್ಲ ಮುಗಿಯಿತು ಎಂದಲ್ಲ. ರಿಟರ್ನ್ ಸಲ್ಲಿಸದವರಿಗೆ ಅಲ್ಲಿನ ತೆರಿಗೆ ಇಲಾಖೆಯಾದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್ (ಎಫ್‌ಟಿಬಿ), ಕಂಪನಿ ಕೊಟ್ಟ ಸಂಬಳದ ಮಾಹಿತಿ ಹಿಡಿದು ತಾನೇ ಒಂದು ಅಂದಾಜು ಹಾಕುತ್ತದೆ. ಕಳೆಯಬೇಕಾದ ವಿನಾಯಿತಿಗಳೆಲ್ಲ ಅದರಲ್ಲಿ ಸೇರಿರುವುದಿಲ್ಲ. ತಡವಾಗಿಯಾದರೂ ನಿಜವಾದ ರಿಟರ್ನ್ ಹಾಕಿದರೆ ಮೊತ್ತ ಇಳಿಯುವ ಸಾಧ್ಯತೆ ಇದೆ. ಏಜೆನ್ಸಿಯ ಗುಮಾಸ್ತನಿಗೆ ಈ ಲೆಕ್ಕ ತಿದ್ದುವ ಅಧಿಕಾರ ಇಲ್ಲ. ಅವನ ಕೈಯಲ್ಲಿರುವುದು ವಸೂಲಿ ಮಾತ್ರ.

ಬಾಕಿ ನಿಜವೇ ಆಗಿದ್ದರೆ ಕಂತು ಕೇಳಬಹುದು. ಸುಮ್ಮನಿದ್ದರೆ ಮಾತ್ರ ಕಷ್ಟ. ಕ್ಯಾಲಿಫೋರ್ನಿಯಾ ಕೈಗೆ ಬರುವ ಸಂಬಳದ ಶೇ. 25ರವರೆಗೆ ಮುರಿದುಕೊಳ್ಳಬಲ್ಲದು, ವಸೂಲಿಗೆ ಅದಕ್ಕೆ 20 ವರ್ಷ ಕಾಲಾವಕಾಶವೂ ಇದೆ. ನ್ಯೂಯಾರ್ಕ್‌ನಲ್ಲಿ ಬಾಕಿ 10,000 ಡಾಲರ್ ದಾಟಿದರೆ ಚಾಲನಾ ಪರವಾನಗಿ ಅಮಾನತಾಗಬಹುದು. ಐಆರ್‌ಎಸ್‌ನಿಂದ ಬರಬೇಕಾದ ರೀಫಂಡ್ ಕೂಡ ರಾಜ್ಯದ ಬಾಕಿಗೆ ಜಮೆಯಾಗಬಹುದು. ಪಾಸ್‌ಪೋರ್ಟ್ ತಡೆಹಿಡಿಯುವ ತೆರಿಗೆ ನಿಯಮ ಮಾತ್ರ ಕೇಂದ್ರದ ಬಾಕಿಗಷ್ಟೇ ಅನ್ವಯ. 2018ರ ಏಪ್ರಿಲ್‌ನಿಂದ ಮೂರು ದೊಡ್ಡ ಕ್ರೆಡಿಟ್ ಸಂಸ್ಥೆಗಳ ವರದಿಯಲ್ಲಿ ತೆರಿಗೆ ಬಾಕಿಗಾಗಿ ಆಸ್ತಿಯ ಮೇಲೆ ಹಾಕುವ ಹಕ್ಕು (ಲೀನ್) ಕಾಣಿಸುತ್ತಿಲ್ಲ. ಆದರೆ ಮನೆ ಮಾರಲು ಹೊರಟಾಗ ಕೌಂಟಿಯ ದಾಖಲೆಯಲ್ಲಿ ಅದು ಸಿಕ್ಕೇ ಸಿಗುತ್ತದೆ.

ಬೆಂಗಳೂರಿಗೆ ವಾಪಸಾದವರು ಭಾರತ–ಅಮೆರಿಕ ತೆರಿಗೆ ಒಪ್ಪಂದ ಕಾಪಾಡುತ್ತದೆಂದು ನಂಬುವುದುಂಟು. ಕ್ಯಾಲಿಫೋರ್ನಿಯಾ ಆ ಒಪ್ಪಂದಕ್ಕೆ ಬದ್ಧವಲ್ಲ. ಅಲ್ಲಿ ದುಡಿದ ಅವಧಿಗೆ ಸೇರಿದ ಕಂಪನಿ ಷೇರುಗಳು ಊರಿಗೆ ಬಂದ ಮೇಲೆ ಕೈಗೆ ಸಿಕ್ಕರೂ ಅದರ ಪಾಲಿನ ತೆರಿಗೆ ಕೇಳುತ್ತದೆ. ಅಲ್ಲಿನ ಬೋರ್ಡ್‌ಗೆ ಹೊಸ ವಿಳಾಸ ತಿಳಿಸಿ, ‘ಎಫ್‌ಟಿಬಿ 3520-ಪಿಐಟಿ’ ಅಧಿಕಾರಪತ್ರದ ಮೂಲಕ ಅಮೆರಿಕದ ಲೆಕ್ಕಪರಿಶೋಧಕರೊಬ್ಬರಿಗೆ ತಮ್ಮ ಪರವಾಗಿ ವ್ಯವಹರಿಸಲು ಅನುಮತಿ ಕೊಟ್ಟರೆ, ನೋಟಿಸಿಗೆ ಜಯನಗರದಲ್ಲಿ ಕೂತೇ ಉತ್ತರ ಕೊಡಿಸಬಹುದು.